ಗದ್ದೆಬಯಲಿನ ವಿಲ್ಲಾಗಳು

ಬೆಂಗಳೂರಿನ ಪೂರ್ವಕ್ಕೆ ವಿಲ್ಲಾ ಮಾರುವವರ ಬಣ್ಣದ ಪುಸ್ತಿಕೆಗಳಲ್ಲಿ ‘ಲೋ ಡೆನ್ಸಿಟಿ’ ಎಂಬ ಮಾತು ತಪ್ಪದೆ ಬರುತ್ತದೆ. ಎಕರೆಗೆ ಆರೇ ಮನೆ, ಎಂಟೇ ಮನೆ. ಸುತ್ತ ಹುಲ್ಲುಹಾಸು, ಎದುರಿಗೆ ಕೆರೆ, ಕಿಟಕಿ ತೆರೆದರೆ ಕೊಕ್ಕರೆ. ಅದೇ ಜಾಗದ ಹಳೆಯ ಗ್ರಾಮನಕ್ಷೆಯನ್ನು ಸರ್ವೆ ಇಲಾಖೆಯಿಂದ ತಂದು ಪಕ್ಕದಲ್ಲಿ ಹರಡಿ ನೋಡಿದರೆ ಎಷ್ಟೋ ಕಡೆ ಬೇರೆಯೇ ಚಿತ್ರ ಸಿಗುತ್ತದೆ. ಕ್ಲಬ್‌ಹೌಸ್ ಇರುವಲ್ಲಿ ಹಳ್ಳದ ಜೋಡಿಗೆರೆ, ಎರಡನೇ ಅಡ್ಡರಸ್ತೆ ಇರುವಲ್ಲಿ ತೂಬಿನಿಂದ ಇಳಿದು ಬಂದ ಕಾಲುವೆ. ಉಳಿದದ್ದೆಲ್ಲ ತರಿ ಜಮೀನು, ಕೆರೆ ಏರಿಯ ಕೆಳಗಿನ ಗದ್ದೆ.

ವಿರಳವಾಗಿ ಕಟ್ಟುವುದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ. ಹತ್ತು ಮಹಡಿಯ ಅಪಾರ್ಟ್‌ಮೆಂಟ್ ಎದ್ದರೆ ಪರಿಸರ ಹಾಳು, ಮರಗಿಡಗಳ ನಡುವೆ ಹಂಚಿನ ಮನೆ ಬಂದರೆ ಪರಿಸರಸ್ನೇಹಿ ಎಂದು ಕೊಳ್ಳುವವರೂ ನಂಬುತ್ತಾರೆ, ಅನುಮತಿ ಕೊಡುವವರೂ ನಂಬುತ್ತಾರೆ. ಒಣ ದಿಣ್ಣೆಯ ಮೇಲೆ ಅದು ಒಂದಿಷ್ಟು ನಿಜವೂ ಹೌದು. ಜೌಗು ನೆಲದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಇಪ್ಪತ್ತು ಎಕರೆಯಲ್ಲಿ ಅರವತ್ತು ಮನೆ ಎಂದಿಟ್ಟುಕೊಳ್ಳಿ. ಅವನ್ನು ಇಡೀ ಜಾಗಕ್ಕೆ ಸಮನಾಗಿ ಹರಡಿದರೆ ಇಪ್ಪತ್ತು ಎಕರೆಗೂ ರಸ್ತೆ ಬೇಕು, ಚರಂಡಿ ಬೇಕು, ತಗ್ಗಿಗೆಲ್ಲ ಮಣ್ಣು ತುಂಬಬೇಕು, ಸುತ್ತ ಕಾಂಪೌಂಡು ಏಳಬೇಕು. ದಿಣ್ಣೆಯ ಕಡೆಯ ಎಂಟು ಎಕರೆಯಲ್ಲಿ ಒತ್ತಾಗಿ ಕಟ್ಟಿದರೆ ಹನ್ನೆರಡು ಎಕರೆ ತಗ್ಗು ತನ್ನ ಪಾಡಿಗೆ ತಾನಿರುತ್ತದೆ. ಕಾಗದದ ಮೇಲೆ ಎರಡೂ ಎಕರೆಗೆ ಮೂರು ಮನೆಯೇ. ಮಳೆ ಬಂದ ರಾತ್ರಿ ಎರಡೂ ಒಂದೇ ಅಲ್ಲ.

ಬೇಲಿಯ ಒಳಗಿನ ಮಳೆ, ಹೊರಗಿನ ಮಳೆ

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬೆಳ್ಳಂದೂರು ಕೆರೆಯ ಪಕ್ಕದ ಯಮಲೂರಿನಲ್ಲಿ, ಸರ್ಜಾಪುರ ರಸ್ತೆಯ ಆಚೀಚೆ, ಹೊರವರ್ತುಲ ರಸ್ತೆಯ ಉದ್ದಕ್ಕೂ ನೀರು ನಿಂತಿತು. ಕೋಟಿ ಬೆಲೆಯ ಕಾರುಗಳು ಮುಳುಗಿದ, ಕಂಪನಿಗಳ ಮುಖ್ಯಸ್ಥರು ಟ್ರ್ಯಾಕ್ಟರ್ ಹತ್ತಿದ ಚಿತ್ರಗಳನ್ನು ದೇಶವೆಲ್ಲ ನೋಡಿತು, ಒಳಗೊಳಗೇ ನಕ್ಕಿತು ಕೂಡ. ಅದೇ ತಗ್ಗಿನಲ್ಲಿ ತಗಡಿನ ಶೆಡ್ಡುಗಳಲ್ಲಿದ್ದವರ ಪಾಡಿನ ಚಿತ್ರಗಳು ಅಷ್ಟಾಗಿ ಹರಿದಾಡಲಿಲ್ಲ.

ಆ ಪ್ರವಾಹದಲ್ಲಿ ನನಗೆ ಹೆಚ್ಚು ಪಾಠ ಹೇಳುವುದು ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ. ಸುಮಾರು 34 ಎಕರೆಯ ಈ ಬಡಾವಣೆ ಮುಳುಗುವುದಕ್ಕೆ ಮೊದಲು ಬೇರೆ ಕಾರಣಕ್ಕೆ ಹೆಸರಾಗಿತ್ತು. ಮನೆಗಳ ನೀರಿಗೆ ಮೀಟರು, ಹೆಚ್ಚು ಬಳಸಿದಷ್ಟೂ ಏರುವ ದರ, ಮಳೆನೀರಿಗೆ ಇಂಗುಬಾವಿಗಳು. ನೀರಿನ ಶಿಸ್ತಿನಲ್ಲಿ ಬೆಂಗಳೂರಿಗೇ ಮಾದರಿ ಎಂದು ಅದನ್ನು ತೋರಿಸುತ್ತಿದ್ದರು. 2022ರಲ್ಲಿ ಅದೇ ಬಡಾವಣೆಯ ಜನ ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಬಂದರು.

ಇಂಗುಬಾವಿಗಳು ಸುಳ್ಳಾದವೆ? ಇಲ್ಲ. ಒಂದು ಎಕರೆಯ ಮೇಲೆ 130 ಮಿ.ಮೀ. ಮಳೆ ಬಿದ್ದರೆ ಸುಮಾರು 5.26 ಲಕ್ಷ ಲೀಟರ್ ನೀರು. 34 ಎಕರೆಗೆ ಹೆಚ್ಚುಕಡಿಮೆ 1.8 ಕೋಟಿ ಲೀಟರ್. ಇದು ಬೇಲಿಯೊಳಗೆ ಬಿದ್ದ ಮಳೆಯ ಲೆಕ್ಕ. ಇಂಗುಬಾವಿಗಳು ಹಿಡಿಯಲು ಹೊರಟದ್ದು ಈ ನೀರನ್ನು. ಮನೆಯೊಳಗೆ ನುಗ್ಗಿದ್ದು ಮೇಲಿನ ಹಾಲನಾಯಕನಹಳ್ಳಿ, ಜುನ್ನಸಂದ್ರದ ಕಡೆಯಿಂದ ಇಳಿದು, ಹೋಗಲು ದಾರಿ ಸಾಲದೆ ತಗ್ಗು ಹುಡುಕಿದ ನೀರು. ಒಂದು ಬಡಾವಣೆ ತನ್ನ ಗಡಿಯೊಳಗೆ ಎಷ್ಟೇ ನಿಷ್ಠೆಯಿಂದ ನಡೆದುಕೊಂಡರೂ ತಾನು ಕೂತ ಜಾಗದಿಂದ ತಪ್ಪಿಸಿಕೊಳ್ಳಲಾರದು. ಜಾಗ ಎಲ್ಲಿ ಎಂಬ ಪ್ರಶ್ನೆಯನ್ನು ಮೊದಲ ಇಟ್ಟಿಗೆಗಿಂತ ಹಿಂದೆಯೇ ಕೇಳಬೇಕಿತ್ತು. ಆ ಹೊತ್ತಿಗೆ ಅಲ್ಲಿ ನಿವಾಸಿಗಳೇ ಇರಲಿಲ್ಲ ಎಂಬುದು ಇದರ ಕಹಿ ಭಾಗ.

ಊರು ದಿಣ್ಣೆಯ ಮೇಲೆ, ಗದ್ದೆ ತಗ್ಗಿನಲ್ಲಿ

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ನಗರ ಕೂತಿರುವುದು ಏಣಿನ ಮೇಲೆ; ಅಲ್ಲಿಂದ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ: ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ. ಇಳಿಯುವ ನೀರಿಗೆ ಹೆಜ್ಜೆಹೆಜ್ಜೆಗೂ ಏರಿ ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅದು ತುಂಬಿದರೆ ಮುಂದಿನದಕ್ಕೆ. ಸುಮಾರು 900 ಎಕರೆಯ ಬೆಳ್ಳಂದೂರು, ಅದರ ಕೆಳಗೆ 440 ಎಕರೆಯಷ್ಟಿರುವ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕದಂತೆ ಈಗಿನ ಬೆಂಗಳೂರು ಹರಡಿರುವ ಪ್ರದೇಶದಲ್ಲಿ 1800ರ ಸುಮಾರಿಗೆ 1,452 ಜಲಕಾಯಗಳಿದ್ದವು; ಈಗ ಉಳಿದಿರುವುದು ಇನ್ನೂರಕ್ಕೂ ಕಡಿಮೆ.

ಈ ಲೆಕ್ಕದಲ್ಲಿ ಸೇರದ ಒಂದು ಸಂಗತಿಯಿದೆ. ಕೆರೆ ಕಳೆದುಹೋದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಅಚ್ಚುಕಟ್ಟು ಕಳೆದುಹೋದದ್ದು ಬೀಳುವುದಿಲ್ಲ. ಏರಿಯ ಕೆಳಗೆ ನೂರಾರು ವರ್ಷ ನೀರುಂಡ ಗದ್ದೆಬಯಲು ಕೆರೆಯಷ್ಟೇ ಮುಖ್ಯವಾದ ಜೌಗು. ತಲೆಮಾರುಗಳಿಂದ ಹೂಳು, ಜೇಡಿ ಕೂತು ಅಲ್ಲಿನ ನೆಲ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಕೋಡಿ ಬಿದ್ದ ದಿನ ಹೆಚ್ಚುವರಿ ನೀರು ಅಲ್ಲಿ ಹರಡಿಕೊಂಡು, ಬದುಗಳ ನಡುವೆ ತಡೆದು, ನಿಧಾನವಾಗಿ ಮುಂದೆ ಹೋಗುತ್ತಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ನೀರಗಂಟಿಗೆ ಗೊತ್ತಿತ್ತು; ಯಾವ ಗದ್ದೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಹಾಗೆಂದೇ ಊರನ್ನು ದಿಣ್ಣೆಯ ಮೇಲೆ ಕಟ್ಟಿದರು. ಅಲ್ಲಿ ಯಾರೂ ಗದ್ದೆಯಲ್ಲಿ ಮನೆ ಕಟ್ಟಲಿಲ್ಲ.

ನಗರ ಹತ್ತಿರ ಬಂದಂತೆ ಕೆರೆಗೆ ಒಳಚರಂಡಿ ನೀರು ಸೇರಿತು, ಭತ್ತ ನಿಂತಿತು, ಗದ್ದೆ ಬೀಳುಬಿತ್ತು. ಬೀಳುಬಿದ್ದ ಗದ್ದೆ ಬೇಸಿಗೆಯಲ್ಲಿ ಸಮತಟ್ಟಾದ ಬಯಲಿನಂತೆ ಕಾಣುತ್ತದೆ. ಸಮತಟ್ಟು ನೆಲಕ್ಕೆ ಲೇಔಟ್ ಎಳೆಯುವುದು ಸುಲಭ. ದಿಣ್ಣೆಗಿಂತ ಅಗ್ಗವೂ ಹೌದು.

ಆದರೂ ಜೌಗು ತನ್ನ ಗುರುತು ಬಿಟ್ಟುಕೊಡುತ್ತದೆ. ಸುತ್ತ ಒಣಗಿದ್ದಾಗ ಒಂದು ಪಟ್ಟಿ ಮಾತ್ರ ಹಸಿರಾಗಿದ್ದು ಅಲ್ಲಿ ಜೊಂಡು, ತುಂಗೆ, ಒಂದೆಲಗ, ಹೊನಗೊನ್ನೆ ಬೆಳೆದಿದ್ದರೆ ಅನುಮಾನ ಬೇಡ. ಮೊಣಕಾಲುದ್ದ ಗುಂಡಿ ತೋಡಿ ನೋಡಿದರೆ ಬೂದು ಬಣ್ಣದ ಜೇಡಿಯಲ್ಲಿ ತುಕ್ಕಿನಂಥ ಕೆಂಪು ಗೀರುಗಳು ಸಿಗುತ್ತವೆ. ವರ್ಷದಲ್ಲಿ ಬಹುಕಾಲ ನೀರಲ್ಲಿ ನೆನೆದು, ಗಾಳಿಯಾಡದೆ ಇದ್ದ ಮಣ್ಣಿನ ಲಕ್ಷಣ ಅದು. ಅಮೆರಿಕದಲ್ಲಿ ಸೇನೆಯ ಎಂಜಿನಿಯರ್ ದಳ 1987ರಲ್ಲಿ ತಂದ ಕೈಪಿಡಿ ಇದನ್ನೇ ವಿಧಾನವಾಗಿಸಿದೆ: ಗಿಡ, ಮಣ್ಣು, ನೀರು ಮೂರರ ಸಾಕ್ಷಿಯನ್ನೂ ನೋಡಿ ಜೌಗಿನ ಗಡಿ ಗುರುತಿಸಬೇಕು. ನಮ್ಮಲ್ಲಿ ಲೇಔಟ್ ಮಂಜೂರಾತಿಗೆ ಕೊಡುವ ಕಡತದಲ್ಲಿ ಪಹಣಿ ಇರುತ್ತದೆ, ಆಕಾರಬಂದ್ ಇರುತ್ತದೆ, ಭೂಪರಿವರ್ತನೆಯ ಆದೇಶ ಇರುತ್ತದೆ. ಮಳೆಗಾಲದಲ್ಲಿ ತೋಡಿದ ಒಂದು ಗುಂಡಿಯ ವರದಿ ಇರುವುದಿಲ್ಲ.

ಪಹಣಿಯಲ್ಲೂ ಒಂದು ಸುಳಿವಿದೆ, ಓದುವವರು ಕಡಿಮೆ. ಖರಾಬು ಎಂಬ ಕಲಂ. ‘ಎ’ ಖರಾಬು ಎಂದರೆ ಬಂಡೆ ಮುಂತಾದ, ಸಾಗುವಳಿಗೆ ಒದಗದ ಭಾಗ. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ, ಕೆರೆಯಂಥ ಸಾರ್ವಜನಿಕ ಸ್ವತ್ತು. ಅದನ್ನು ಜಮೀನಿನ ಒಡೆಯ ಮಾರುವಂತಿಲ್ಲ. ಹತ್ತು ಸರ್ವೆ ನಂಬರು ಕೂಡಿಸಿ ಮಾಡಿದ ಬಡಾವಣೆಯಲ್ಲಿ ಒಂದು ನಂಬರಿಗೆ ಮೂರು ಗುಂಟೆ, ಇನ್ನೊಂದಕ್ಕೆ ಐದು ಗುಂಟೆ ಹೀಗೆ ಚೂರುಚೂರಾಗಿ ಕಾಣುವ ಬಿ ಖರಾಬನ್ನು ನಕ್ಷೆಯ ಮೇಲೆ ಜೋಡಿಸಿದರೆ ಹಲವು ಸಲ ಒಂದು ಹಳ್ಳ ಎದ್ದು ನಿಲ್ಲುತ್ತದೆ.

ಗೆರೆಗೆ ಸಿಗದ ನೀರು

ಕಾನೂನು ಏನು ಹೇಳುತ್ತದೆ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಜೌಗು ಪ್ರದೇಶಗಳ ರಕ್ಷಣೆಗೆ ಕೇಂದ್ರ ಸರ್ಕಾರ 2010ರಲ್ಲಿ ನಿಯಮ ತಂದು, 2017ರಲ್ಲಿ ಅದನ್ನು ಬದಲಿಸಿತು. 2017ರ ನಿಯಮಗಳ ವ್ಯಾಖ್ಯೆಯಿಂದ ಭತ್ತದ ಗದ್ದೆಗಳು ಹೊರಗೆ. ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಕಾಯಗಳೂ ಹೊರಗೆ. ದಕ್ಷಿಣ ಕರ್ನಾಟಕದ ಬಹುಪಾಲು ಕೆರೆಗಳು ನೀರಾವರಿಗೆಂದೇ ಕಟ್ಟಿದವು, ಅವುಗಳ ಕೆಳಗಿನದು ಭತ್ತದ ಗದ್ದೆ. ಅಂದರೆ ನಮ್ಮ ಬಯಲುಸೀಮೆಯ ಜೌಗಿನ ಬಹುಭಾಗ ಈ ನಿಯಮದ ಕಣ್ಣಿಗೆ ಜೌಗೇ ಅಲ್ಲ. ತಮಾಷೆಯೆಂದರೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಗದಗದ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ ಎರಡೂ ಮನುಷ್ಯರು ಕಟ್ಟಿದ ನೀರಾವರಿ ಕೆರೆಗಳೇ. ರಾಮ್ಸಾರ್ ಮುದ್ರೆ ಬಿದ್ದ ಮೇಲೆ ಅವಕ್ಕೆ ರಕ್ಷಣೆಯಿದೆ. ಮುದ್ರೆಯಿಲ್ಲದ ಅಕ್ಕಪಕ್ಕದ ಕೆರೆಗಳ ಹಣೆಬರಹ ಬೇರೆ. ಇಸ್ರೋ ನಕಾಶೆಯಲ್ಲಿ ದಾಖಲಾದ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗುಗಳನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2.25 ಹೆಕ್ಟೇರ್ ಎಂದರೆ ಐದೂವರೆ ಎಕರೆ. ಬಡಾವಣೆಯ ಮೂಲೆಯಲ್ಲಿರುವ ಎರಡು ಎಕರೆಯ ಜೌಗು ಆ ಎಣಿಕೆಗೂ ಸಿಗುವುದಿಲ್ಲ.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಪದರ ಇದೆ. 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕು ಎಂದಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮಹಾಯೋಜನೆಯ ನಿಯಮ ಬದಲಿಸುವ ಅಧಿಕಾರ ಮಂಡಳಿಗಿಲ್ಲ ಎಂದು ಅದನ್ನು ರದ್ದು ಮಾಡಿತು. ಮಧ್ಯದ ಮೂರು ವರ್ಷ ಮೂವತ್ತೋ ಎಪ್ಪತ್ತೈದೋ ಎಂಬ ಜಗಳದಲ್ಲೇ ಕಳೆದವು. ಎರಡೂ ಬರಿಯ ಅಳತೆಪಟ್ಟಿಯ ಸಂಖ್ಯೆಗಳು ಎಂಬುದನ್ನು ಗಮನಿಸಿದವರು ಕಡಿಮೆ. ಕಡಿದಾದ ದಂಡೆಯ ಕಾಲುವೆಗೆ 15 ಮೀಟರ್ ಹೆಚ್ಚಾಗಬಹುದು. ಚಪ್ಪಟೆ ಗದ್ದೆಬಯಲಿನಲ್ಲಿ 75 ಮೀಟರೂ ಸಾಲದಿರಬಹುದು. ನಿಯಮಕ್ಕೆ ಬೇಕಾದದ್ದು ಗೆರೆ. ಜೌಗಿಗೆ ಇರುವುದು ಹರವು, ಅದೂ ತಿಂಗಳಿಂದ ತಿಂಗಳಿಗೆ ಹಿಗ್ಗಿ ಕುಗ್ಗುವ ಹರವು.

ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದ ಐಡಹೊ ರಾಜ್ಯದ ಪ್ರೀಸ್ಟ್ ಲೇಕ್ ಬಳಿ ಒಂದು ದಂಪತಿ 2004ರಲ್ಲಿ ನಿವೇಶನ ಕೊಂಡು, ಮನೆ ಕಟ್ಟಲು ಮಣ್ಣು ತುಂಬಿಸಿದರು. ಅದು ಜೌಗು, ತುಂಬಿದ್ದನ್ನು ತೆಗೆಯಿರಿ ಎಂದಿತು ಅಲ್ಲಿನ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆ. ಮೊಕದ್ದಮೆ ನಡೆದು ನಡೆದು 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಂಪತಿಯ ಪರ ತೀರ್ಪಿತ್ತಿತು: ನದಿ, ಸರೋವರಗಳಿಗೆ ಮೇಲ್ಮೈಯಲ್ಲೇ ಎಡೆಬಿಡದೆ ಕೂಡಿಕೊಂಡ ಜೌಗಿಗೆ ಮಾತ್ರ ಕೇಂದ್ರದ ಕಾಯಿದೆ ಅನ್ವಯ. ನಡುವೆ ರಸ್ತೆಯೋ ಏರಿಯೋ ಬಂದು ನೀರು ನೆಲದಡಿಯಿಂದ ಕೂಡುತ್ತಿದ್ದರೆ ಅದು ಲೆಕ್ಕಕ್ಕಿಲ್ಲ. ಒಂದು ನಿವೇಶನದ ವ್ಯಾಜ್ಯದಿಂದ ಇಡೀ ದೇಶದ ಜೌಗುಗಳ ರಕ್ಷಣೆ ಸಡಿಲವಾಯಿತು.

ಎಣ್ಣೆ ಧಣಿಯ ಊರು

ಹಾಗಾದರೆ ಇಂಥ ನೆಲದಲ್ಲಿ ಬಡಾವಣೆಯನ್ನೇ ಮಾಡಬಾರದೆ? ಮಾಡಬಹುದು, ಮಾಡಿದವರಿದ್ದಾರೆ. ಮಾಡಿ ಆಮೇಲೆ ಕೆಡಿಸಿಕೊಂಡವರೂ ಇದ್ದಾರೆ, ಅವರ ಕಥೆಯೇ ಹೆಚ್ಚು ಉಪಯುಕ್ತ.

ಟೆಕ್ಸಾಸಿನ ಹ್ಯೂಸ್ಟನ್‌ನ ಉತ್ತರಕ್ಕೆ ದ ವುಡ್‌ಲ್ಯಾಂಡ್ಸ್ ಎಂಬ ಊರಿದೆ. ಕಟ್ಟಿಸಿದವರು ಜಾರ್ಜ್ ಮಿಚೆಲ್, ಎಣ್ಣೆ ಉದ್ಯಮಿ. ಮುಂದೆ ಶೇಲ್ ಬಂಡೆ ಸೀಳಿ ಅನಿಲ ತೆಗೆಯುವ ವಿದ್ಯೆಯನ್ನು ಲಾಭದಾಯಕ ಮಾಡಿದ್ದೂ ಇದೇ ಮನುಷ್ಯ. ಪರಿಸರದ ಇತಿಹಾಸದಲ್ಲಿ ಪಾತ್ರಗಳು ಹೀಗೆಲ್ಲ ಬೆರೆತುಹೋಗಿರುತ್ತವೆ. ಜಾಗ ಪೈನ್ ಕಾಡು, ಬಹುತೇಕ ಚಪ್ಪಟೆ, ನೀರು ಸರಾಗವಾಗಿ ಹರಿಯದು, ಸುಮಾರು ಮೂರನೇ ಒಂದು ಭಾಗ ನೆರೆ ಬರುವ ತಗ್ಗು. ಮಿಚೆಲ್ ಕರೆಸಿದ್ದು ‘ಡಿಸೈನ್ ವಿತ್ ನೇಚರ್’ ಎಂಬ ಪುಸ್ತಕವನ್ನು 1969ರಲ್ಲಿ ಬರೆದ ಭೂವಿನ್ಯಾಸಕಾರ ಇಯಾನ್ ಮೆಕ್‌ಹಾರ್ಗ್ ಅವರನ್ನು.

ಮೆಕ್‌ಹಾರ್ಗ್ ತಂಡ ರಸ್ತೆ ಎಳೆಯುವುದಕ್ಕೆ ಮೊದಲು ಮಣ್ಣಿನ ನಕ್ಷೆ ಮಾಡಿತು. ನೀರು ಚೆನ್ನಾಗಿ ಇಂಗುವ ಮರಳು ಮಣ್ಣು ಎಲ್ಲಿದೆಯೋ ಅದನ್ನು ಖಾಲಿ ಬಿಡಬೇಕು. ಇಂಗದ ಗಟ್ಟಿ ಮಣ್ಣಿನ ಮೇಲೆ ಮನೆ ಕಟ್ಟಬೇಕು, ಅಲ್ಲಿ ಕಾಂಕ್ರೀಟ್ ಬಿದ್ದರೂ ನಷ್ಟ ಕಡಿಮೆ. ರಸ್ತೆ ದಿಬ್ಬದ ಬೆನ್ನಿನ ಮೇಲೆ ಸಾಗಬೇಕು. ಚರಂಡಿಗೆ ಕೊಳವೆ ಬೇಡ, ರಸ್ತೆ ಬದಿಯಲ್ಲಿ ಹುಲ್ಲು ಬೆಳೆದ ಆಳವಿಲ್ಲದ ಕಾಲುವೆ ಸಾಕು. ಕೊಳವೆ ಚರಂಡಿಗೆ 1.87 ಕೋಟಿ ಡಾಲರ್ ಬೇಕಾಗುತ್ತಿತ್ತು, ಈ ವಿಧಾನಕ್ಕೆ 42 ಲಕ್ಷ ಸಾಕು ಎಂಬ ಅಂದಾಜು ಬಂದಾಗ ಮಿಚೆಲ್ ಅವರಲ್ಲಿದ್ದ ವ್ಯಾಪಾರಿಗೂ ಖುಷಿಯಾಯಿತು. 1974ರಲ್ಲಿ ಊರು ತೆರೆಯಿತು. 1994ರಲ್ಲಿ ಸುತ್ತಲ ಪ್ರದೇಶ ಮುಳುಗಿದ ಮಳೆಯನ್ನು ವುಡ್‌ಲ್ಯಾಂಡ್ಸ್ ಹೆಚ್ಚು ಹಾನಿಯಿಲ್ಲದೆ ಕಳೆಯಿತು.

ಆದರೆ ಅಲ್ಲಿಗೆ ಬಂದ ಜನಕ್ಕೆ ಹುಲ್ಲು ಕಾಲುವೆ ಹಿಡಿಸಲಿಲ್ಲ. ನೀರು ನಿಲ್ಲುತ್ತದೆ, ಅಚ್ಚುಕಟ್ಟಾಗಿ ಕಾಣುವುದಿಲ್ಲ ಎಂಬ ದೂರು. ನಂತರದ ಹಂತಗಳಲ್ಲಿ ಎಲ್ಲ ಕಡೆಯಂತೆ ಕಾಂಕ್ರೀಟ್ ಅಂಚು, ಕೊಳವೆ ಚರಂಡಿ ಬಂದವು. 1997ರಲ್ಲಿ ಮಿಚೆಲ್ ಇಡೀ ಯೋಜನೆಯನ್ನು ಮಾರಿದರು. 2017ರ ಹಾರ್ವೆ ಚಂಡಮಾರುತದಲ್ಲಿ ವುಡ್‌ಲ್ಯಾಂಡ್ಸ್‌ನ ಕೆಲವು ಭಾಗಗಳಿಗೂ ನೀರು ನುಗ್ಗಿತು. ಯೋಜನೆ ಒಬ್ಬರ ಹಟದಿಂದ ನಿಂತಿದ್ದರೆ ಅವರು ಹೋದ ಮೇಲೆ ಅದೂ ಹೋಗುತ್ತದೆ.

ಇದಕ್ಕೆ ಪರಿಹಾರವೆಂಬಂತೆ ಕಾಣುವುದು ಇಲಿನಾಯ್ ರಾಜ್ಯದ ಗ್ರೇಸ್‌ಲೇಕ್‌ನ ಪ್ರೈರಿ ಕ್ರಾಸಿಂಗ್. ಸುಮಾರು 670 ಎಕರೆಯಲ್ಲಿ ಬೇರೆಯವರು ಸಾವಿರಾರು ಮನೆ ಕಟ್ಟಲು ಹೊರಟಿದ್ದನ್ನು ತಡೆಯಲು ನೆರೆಹೊರೆಯವರೇ 1987ರಲ್ಲಿ ಜಮೀನು ಕೊಂಡರು. ಕಟ್ಟಿದ್ದು 359 ಬಿಡಿ ಮನೆ, ಜೊತೆಗೆ ಕೆಲವು ಫ್ಲ್ಯಾಟು. ಶೇ 60ಕ್ಕೂ ಹೆಚ್ಚು ಜಾಗ ಬಯಲು. ಮಾಡಿನ ನೀರು ಮೊದಲು ಹುಲ್ಲು ಕಾಲುವೆಗೆ, ಅಲ್ಲಿಂದ ಆಳಕ್ಕೆ ಬೇರಿಳಿಸುವ ಹುಲ್ಲುಗಾವಲಿಗೆ, ಆಮೇಲೆ ಜೌಗಿಗೆ, ಕೊನೆಗೆ ಕೆರೆಗೆ. ಕೆರೆ ತಲುಪುವ ಹೊತ್ತಿಗೆ ನೀರು ತಿಳಿಯಾಗಿ, ಅಪಾಯದಂಚಿನ ಸ್ಥಳೀಯ ಮೀನುಗಳನ್ನು ತಂದು ಬಿಡುವಷ್ಟು ಚೊಕ್ಕವಾಗಿರುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಹಣದ ಏರ್ಪಾಟು: ಮನೆ ಕೈಬದಲಾದಾಗಲೆಲ್ಲ ಮಾರಾಟ ಬೆಲೆಯ ಶೇ 0.5ರಷ್ಟು ಒಂದು ಪ್ರತಿಷ್ಠಾನಕ್ಕೆ ಹೋಗುತ್ತದೆ, ಪರಿಸರದ ಕೆಲಸಕ್ಕೆ. ಸ್ಥಾಪಕರ ಉತ್ಸಾಹ ಆರಿದರೂ ಹಣ ಬರುತ್ತಿರುತ್ತದೆ.

ಸೈಟಿನ ಗೆರೆ ಕೊನೆಗೆ

ಇಂಥ ಬಡಾವಣೆಗಳ ಬಗ್ಗೆ ಬರೆದ ರ್‍ಯಾಂಡಲ್ ಅರೆಂಟ್ ಎಂಬ ಯೋಜಕರು ಕೆಲಸದ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ. ಉಳಿಸಬೇಕಾದ ನೆಲವನ್ನು ಮೊದಲು ಗುರುತಿಸಿ, ಆಮೇಲೆ ಮನೆಗಳ ಜಾಗ, ಆಮೇಲೆ ಅವನ್ನು ಕೂಡಿಸುವ ರಸ್ತೆ. ಸೈಟಿನ ಗಡಿ ಎಳೆಯುವುದು ಎಲ್ಲಕ್ಕೂ ಕೊನೆಗೆ. ನಮ್ಮಲ್ಲಿ 30×40, 40×60 ಎಂದು ಚೌಕ ಎಳೆಯುವುದು ಮೊದಲು. ಚೌಕ ಕೂರದ ಮೂಲೆ, ಹಳ್ಳದ ಅಂಚು ‘ಪಾರ್ಕ್’ ಆಗುತ್ತದೆ, ಅದನ್ನೂ ಮಟ್ಟ ಮಾಡಿ ಹುಲ್ಲು ಹಾಸುತ್ತಾರೆ. ಉದ್ಯಾನಕ್ಕೆ ಹೇಗೂ ಜಾಗ ಬಿಡಲೇಬೇಕು. ಆ ಜಾಗ ಜೌಗೇ ಆಗಿರಲಿ, ಜೌಗಾಗಿಯೇ ಉಳಿಯಲಿ ಎಂದು ಮಂಜೂರಾತಿಯಲ್ಲೇ ಬರೆದರೆ ಯಾರಿಗೂ ಒಂದು ಗುಂಟೆಯೂ ನಷ್ಟವಿಲ್ಲ.

ಮಣ್ಣು ತುಂಬುವುದರ ಬಗ್ಗೆ ಒಂದು ಮಾತು. ಐದು ಎಕರೆ ತಗ್ಗನ್ನು ಒಂದು ಮೀಟರ್ ಎತ್ತರಿಸಿದರೆ ಅಲ್ಲಿ ನಿಲ್ಲಬಹುದಾಗಿದ್ದ ಸುಮಾರು ಎರಡು ಕೋಟಿ ಲೀಟರ್ ನೀರು ಬೇರೆಲ್ಲಿಗೋ ಹೋಗಲೇಬೇಕು. ಹೋಗುವುದು ಪಕ್ಕದವರ ಮನೆಗೆ. ಪಕ್ಕದವರೂ ಎತ್ತರಿಸಿದರೆ ಅದರಾಚೆಯ ಹಳ್ಳಿಗೆ. ಇನ್ನು ಕಾಂಪೌಂಡು: ನೀರಿಗೆ ಅಡ್ಡಲಾಗಿ ಏಳಡಿ ಗೋಡೆ ಕಟ್ಟಿದವರು ತಮಗರಿವಿಲ್ಲದೆ ಅಣೆಕಟ್ಟು ಕಟ್ಟಿರುತ್ತಾರೆ. ಮೇಲಿನವರು ಮುಳುಗುತ್ತಾರೆ, ಗೋಡೆ ಒಡೆದರೆ ಕೆಳಗಿನವರು. ಹರಿವಿಗೆ ಅಡ್ಡ ಬರುವ ಕಡೆ ಗೋಡೆಯ ಬದಲು ತಂತಿಬೇಲಿ ಹಾಕುವುದಕ್ಕೆ ಖರ್ಚು ಕಡಿಮೆಯೇ, ಪ್ರತಿಷ್ಠೆ ಅಡ್ಡ ಬರುತ್ತದೆ. ಶೌಚದ ಇಂಗುಗುಂಡಿಯಂತೂ ಇಂಥಲ್ಲಿ ಬೇಡವೇ ಬೇಡ. ಅಂತರ್ಜಲ ಮೂರಡಿಯಲ್ಲಿ ಇರುವಾಗ ಗುಂಡಿಯದೂ ಬಾವಿಯದೂ ಒಂದೇ ನೀರು.

ಇಷ್ಟನ್ನು ಬಿಲ್ಡರ್ ತಾನಾಗಿ ಮಾಡುತ್ತಾನೆಂದು ಕಾಯುವುದು ವ್ಯರ್ಥ. ಯೋಜನಾ ಪ್ರಾಧಿಕಾರಗಳು ಲೇಔಟ್ ಕಡತಕ್ಕೆ ಎರಡು ಕಾಗದ ಕಡ್ಡಾಯ ಮಾಡಿದರೂ ಬಹಳಷ್ಟು ಬದಲಾಗುತ್ತದೆ: ಅರ್ಧ ಮೀಟರ್ ಅಂತರದ ಎತ್ತರರೇಖೆಯ ನಕ್ಷೆ, ಮಳೆಗಾಲದ ಕೊನೆಯಲ್ಲಿ ಮಾಡಿದ ಮಣ್ಣಿನ ಪರೀಕ್ಷೆ. ಹೊಸ ಕಾನೂನೇ ಬೇಕಿಲ್ಲ.

ಅಲ್ಲಿಯವರೆಗೆ ಕೊಳ್ಳುವವರೇ ನೋಡಿಕೊಳ್ಳಬೇಕು. ಗ್ರಾಮನಕ್ಷೆ ತೆಗೆಸಿ, ಪಹಣಿಯ ಖರಾಬು ಕಲಂ ಓದಿ, ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ಸರ್ವೆ ನಂಬರು ತಾಳೆ ನೋಡಿ. ಊರಿನ ಹಳಬರೊಬ್ಬರನ್ನು ಹಿಡಿದು ಆ ಗದ್ದೆಯಲ್ಲಿ ವರ್ಷಕ್ಕೆ ಎಷ್ಟು ಬೆಳೆ ಬರುತ್ತಿತ್ತು ಎಂದು ಕೇಳಿ. ಎರಡು ಭತ್ತ ಎಂದರೆ ಎದ್ದು ಬನ್ನಿ. ಸೈಟು ತೋರಿಸಲು ದಲ್ಲಾಳಿಗಳಿಗೆ ಒಪ್ಪುವ ತಿಂಗಳು ಮಾರ್ಚ್, ಏಪ್ರಿಲ್. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮುಂಗಡ ಕೊಡುವುದನ್ನು ಅಲ್ಲಿಯವರೆಗೆ ತಡೆದುಕೊಳ್ಳಿ.